ಎಂಜಿನ್ನಿಗೆ ನೀರು

ನಮ್ಮ ಕೇರಿಯಲ್ಲಿ ಬಿ.ಎಸ್ಸಿ. ಮುಗಿಸಿದ ಮೊದಲಿಗ ನಾನು. ಮುಳ್ಳೂರಿನ ಗದ್ದೆಗಳಲ್ಲಿ ಅವ್ವ ಕೂಲಿ ನಾಟಿ ಹಾಕಿ ಓದಿಸಿದಳು. ಯಳಂದೂರಿನ ಅಕ್ಕನ ಮನೆಯಲ್ಲಿ, ಆಮೇಲೆ ಮೈಸೂರಿನ ಹಾಸ್ಟೆಲಿನಲ್ಲಿ ಹೊಟ್ಟೆಗೆ ಹಾಕಿಕೊಂಡದ್ದಕ್ಕಿಂತ ಅನ್ನಿಸಿಕೊಂಡದ್ದೇ ಹೆಚ್ಚು. ಆದರೂ ಪಾಸು ಮಾಡಿದೆ, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕೊಳ್ಳೇಗಾಲ ಇನ್ನೂ ಮದರಾಸಿಗೆ ಸೇರಿದ್ದ ಕಾಲ. ಕಾಡಂಚಿನ ಹೂಗ್ಯಂನಲ್ಲಿ ವೈರ್‌ಲೆಸ್ ಆಪರೇಟರ್ ಕೆಲಸ ಸಿಕ್ಕಿತು. ಗಂಧದ ಮರ ಕಡಿಯುವವರ ಸುಳಿವು ಸಿಕ್ಕರೆ ಕೊಳ್ಳೇಗಾಲಕ್ಕೆ ತಿಳಿಸಬೇಕು, ಅಷ್ಟೇ.

ಕರೆಂಟು ಆ ಕಡೆ ತಲೆ ಹಾಕಿರಲಿಲ್ಲ. ಹೆಂಚಿನ ಕೊಠಡಿಯಲ್ಲಿ ವೈರ್‌ಲೆಸ್ ಪೆಟ್ಟಿಗೆ, ಅದರ ಕೆಳಗೆ ಬ್ಯಾಟರಿಗಳು. ಬ್ಯಾಟರಿ ಇಳಿದರೆ ಚಾರ್ಜ್ ಮಾಡಲು ಹಿಂದಿನ ಚಪ್ಪರದಲ್ಲಿ ಪೆಟ್ರೋಲ್ ಎಂಜಿನ್. ಎಂಜಿನ್ನಿನ ನೆತ್ತಿಯ ಮೇಲೊಂದು ಕಬ್ಬಿಣದ ತೊಟ್ಟಿ. ಓಡುವಾಗ ಅದರೊಳಗಿನ ನೀರು ಕುದಿದು ಆವಿಯಾಗುತ್ತಿತ್ತು, ಮತ್ತೆ ಮತ್ತೆ ಸುರಿಯಬೇಕು. ನೀರಿಲ್ಲದೆ ಓಡಿಸಿದರೆ ಕಾದು ಕಚ್ಚಿಕೊಂಡು ನಿಂತೇಬಿಡುತ್ತಿತ್ತು.

ಬೇಸಿಗೆಗೆ ಹಳ್ಳ ಬತ್ತಿತು. ಉಳಿದದ್ದು ಯಜಮಾನರ ಹಿತ್ತಲ ಬಾವಿ. ಊರಿನ ದೊಡ್ಡ ಹಿಡುವಳಿದಾರರು ಅವರು. ನಾನು ಬಂದ ದಿನವೇ ಯಾವ ಪೈಕಿ ಎಂದು ಕೇಳಿದ್ದರು, ನಾನೂ ಮುಚ್ಚಿಡದೆ ಹೇಳಿದ್ದೆ. ಅಂದಿನಿಂದ ಅವರು ನನ್ನನ್ನು 'ಸಾ' ಅಂತಲೂ ಕರೆಯಲಿಲ್ಲ, 'ಲಾ' ಅಂತಲೂ ಕರೆಯಲಿಲ್ಲ. ಬಾವಿಯ ಹಗ್ಗ ನಾನು ಮುಟ್ಟುವಂತಿರಲಿಲ್ಲ. ಬೆಳಿಗ್ಗೆ ಬೇಲಿಯ ಹೊರಗೆ ಕೊಡ ಇಟ್ಟು ದೂರ ನಿಂತರೆ ಮನೆಯ ಹೆಂಗಸರು ಮೇಲಿನಿಂದ ಸುರಿಯುತ್ತಿದ್ದರು. ಹೆಚ್ಚಾಗಿ ಬರುತ್ತಿದ್ದವಳು ಹೆರಿಗೆಗೆ ತವರಿಗೆ ಬಂದಿದ್ದ ಯಜಮಾನರ ಮಗಳು.

"ಎಷ್ಟ್ ನೀರ್ ಕುಡೀತೀರಿ ಸಾ, ನಮ್ ಎಮ್ಮೆನೂ ಇಷ್ಟ್ ಕುಡಿಯಾಕಿಲ್ಲ."

"ನಂಗಲ್ಲ ಕಣವ್ವ, ಎಂಜಿನ್‌ಗೆ."

"ಅದು ನಿಮ್ಗಿಂತ ಪುಣ್ಯ ಮಾಡ್ಯದೆ ಬುಡಿ," ಎಂದು ಇನ್ನೊಂದು ಬಿಂದಿಗೆ ಸುರಿಯುತ್ತಿದ್ದಳು.

ದಿನ ತುಂಬುತ್ತ ಬಂದಂತೆ ಅವಳು ಹೊರಗೆ ಬರುವುದು ನಿಂತಿತು. ಅವಳ ಸೋದರತ್ತೆ ಒಂದೇ ಕೊಡ ಸುರಿದು ಒಳಗೆ ಹೋಗುತ್ತಿದ್ದಳು. "ಸಾಕ್ ಕಣ್ಲಾ, ಬಾವಿ ನಿಮ್ಮಪ್ಪಂದಾ?" ಎಂದು ಒಮ್ಮೆ ಕೇಳಿಯೂ ಕೇಳಿದಳು. ಎಂಜಿನ್ನಿಗೆ ಹಾಕಿ ಉಳಿದದ್ದನ್ನು ನಾನು ಕುಡಿಯುತ್ತಿದ್ದೆ. ಬ್ಯಾಟರಿಗಳು ಅರೆಹೊಟ್ಟೆಯಲ್ಲೇ ಇದ್ದವು.

ಒಂದು ಮಧ್ಯಾಹ್ನ ಯಜಮಾನರೇ ಕೊಠಡಿಯ ಬಾಗಿಲಿಗೆ ಬಂದರು.

"ಇದ್ರಲ್ಲಿ ಕೊಳ್ಳೇಗಾಲಕ್ಕೆ ಯೋಳಕಾಯ್ತದಾ? ನೆನ್ನೆಯಿಂದ ನೋವ್ ತಿಂತಾವ್ಳೆ ಮಗ್ಳು. ಸೂಲಗಿತ್ತಿ ಕೈ ಚೆಲ್ಬುಟ್ಳು. ಜೀಪ್ ಬರ್ಬೇಕು."

ಪೆಟ್ಟಿಗೆ ಹಾಕಿದೆ. ಕೊಳ್ಳೇಗಾಲದವರ ದನಿ ಸ್ಪಷ್ಟವಾಗಿಯೇ ಬಂತು. ಮಾತಾಡಲು ಗುಂಡಿ ಒತ್ತಿದರೆ ಮೀಟರಿನ ಮುಳ್ಳು ಸೊನ್ನೆಗೆ ಬಿದ್ದುಹೋಯಿತು. ಕೇಳಿಸಿಕೊಳ್ಳಲು ಬ್ಯಾಟರಿಯಲ್ಲಿ ಜೀವವಿದ್ದರೆ ಸಾಕು, ಮಾತಾಡಲು ತುಂಬಿರಬೇಕು.

"ಎಂಜಿನ್ ಓಡುಸ್ಬೇಕು ಯಜಮಾನ್ರೇ, ನೀರ್ ಬೇಕು," ಎಂದೆ. ನಮ್ಮಪ್ಪನಾಗಿದ್ದರೆ ಕೈಮುಗಿದು 'ಬುದ್ಧಿ' ಅನ್ನುತ್ತಿದ್ದ.

"ಎಂಗುಸ್ರೆಲ್ಲ ಅವಳ ತಾವವ್ರೆ. ಯಾರ್ ಸೇದ್ಕೊಟ್ಟಾರು?"

"ನೀವೇ ಸೇದಿ."

ಅವರು ಕೈಯನ್ನು ಪಂಚೆಗೆ ಒರೆಸಿಕೊಂಡರು, ಕದಲಲಿಲ್ಲ. ಅವರ ಮನೆಯಿಂದ ಮಗಳು ಕೂಗಿಕೊಂಡದ್ದು ಅಲ್ಲಿಯವರೆಗೂ ಕೇಳಿಸಿತು. ನಾನು ಕೊಡ ತೆಗೆದುಕೊಂಡು ಬೇಲಿ ದಾಟಿದೆ. ಜಗಲಿಯ ಮೇಲಿದ್ದ ಗಂಡಸರು ನೋಡುತ್ತ ಕೂತರು. ಸೇದಿದೆ, ತಂದು ಸುರಿದೆ, ಎಂಜಿನ್ ತಿರುವಿದೆ. ಸುದ್ದಿ ಮುಟ್ಟುವಷ್ಟು ಬ್ಯಾಟರಿ ಏರಲು ಬಹಳ ಹೊತ್ತು ಹಿಡಿಯಿತು.

ಹೊತ್ತು ಇಳಿಯುವಾಗ ಜೀಪು ಬಂತು. ಅವಳನ್ನು ಹಿಂದೆ ಮಲಗಿಸಿಕೊಂಡು, ತಾಯಿಯನ್ನೂ ಕೂರಿಸಿಕೊಂಡು ಹನೂರಿನ ಮೇಲೆ ಕೊಳ್ಳೇಗಾಲದ ಆಸ್ಪತ್ರೆಯ ದಾರಿ ಹಿಡಿಯಿತು. ಬ್ಯಾಟರಿಯಲ್ಲಿದ್ದದ್ದು ಆ ಒಂದು ಸುದ್ದಿಗೇ ಮುಗಿದಿತ್ತು. ಇನ್ನೆರಡು ಕೊಡ ಸೇದೋಣವೆಂದು ಹೋದರೆ ರಾಟೆಯಲ್ಲಿ ಹಗ್ಗವಿರಲಿಲ್ಲ.

ಬೆಳಿಗ್ಗೆ ಬಾವಿಯ ನೀರು ತೋಡಿ ಬರಿದು ಮಾಡಲು ಆಳು ಹಚ್ಚಿದ್ದರು. ನಾನು ಮುಟ್ಟಿದ ನೀರು ಹೋಗಬೇಕಿತ್ತು. ಎತ್ತಿ ಎತ್ತಿ ಹಿತ್ತಲಿಗೆ ಚೆಲ್ಲಿದರು. ಆ ಸುಡುಬೇಸಿಗೆಯಲ್ಲಿ ನೀರು ಬೇಲಿ ನುಸುಳಿ ನನ್ನ ಚಪ್ಪರದವರೆಗೂ ಹರಿದು ಬಂದು ಮಣ್ಣಿನಲ್ಲಿ ಇಂಗಿತು. ನಾನು ಎಂಜಿನ್ನಿನ ಪಕ್ಕ ನಿಂತು ನೋಡುತ್ತಿದ್ದೆ. ಸಂಜೆಗೆ ತಳದ ಕೆಸರು ಬಂತು.

ಯಜಮಾನರು ಬೇಲಿಯ ಹತ್ತಿರ ಬಂದರು. "ಬ್ಯಾಸ್ರ ಮಾಡ್ಕಬ್ಯಾಡಿ ಸಾ. ಊರ್ನೋರ ಬಾಯ್ ಮುಚ್ಚುಸ್ಬೇಕಲ್ಲ."

"ಮಗಳ ಸಮಾಚಾರ ಕೇಳಾದಾದ್ರೂ ಎಂಗೆ?"

"ತಳ್ದಿಂದ ಊಟೆ ಬರ್ಲಿ ಇರಿ, ನೀರ್ ಏರ್ತದೆ."

ನೀರು ಏರುವ ಮೊದಲೇ, ಮಾರನೆಯ ಬೆಳಿಗ್ಗೆ, ಕೊಳ್ಳೇಗಾಲದವರು ಕರೆದರು. ಯಜಮಾನರು ಆಗಲೇ ಬಂದು ಹೊಸಿಲಿನ ಮೇಲೆ ಕೂತಿದ್ದರು. ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು, ತಾಯಿ ಬೆಳಗಿನ ಜಾವ ಹೋದಳು, ಮನೆಯವರು ಬರಬೇಕು. ಇಷ್ಟು ಹೇಳಿ, "ಹೂಗ್ಯಂ, ಮುಟ್ಟಿತೇ?" ಎಂದು ಆಪರೇಟರ್ ಕೇಳಿದ.

ಗುಂಡಿ ಒತ್ತಿದೆ. ಮುಳ್ಳು ಬಿತ್ತು. ಉತ್ತರ ಬಾರದ್ದಕ್ಕೆ ಅವನು ಅದೇ ಮಾತನ್ನು ಮೊದಲಿನಿಂದ ಹೇಳಿದ.

"ಮುಟ್ತು ಅಂತ ಯೋಳ್ಬುಡಿ ಸಾ," ಎಂದರು ಯಜಮಾನರು.

"ಯೋಳಕಾಗಲ್ಲ ಯಜಮಾನ್ರೇ. ಅವನ್ಗೆ ಕೇಳ್ಸಾಕಿಲ್ಲ."

ದನಿ ಮೂರನೆಯ ಸಲ ಶುರುವಾಯಿತು. ಮಗು, ತಾಯಿ, ಬೆಳಗಿನ ಜಾವ. ನಾನು ಪೆಟ್ಟಿಗೆ ಆರಿಸಲು ಕೈ ಚಾಚಿದೆ. ಯಜಮಾನರು ಎದ್ದು ಬಂದು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಇರ್ಲಿ ಬುಡಿ. ಇನ್ನೊಂದ್ ಸಲ ಕೇಳ್ವ. ಬ್ಯಾರೆ ಏನಾರ ಯೋಳ್ತಾನೇನೋ."