ಬಲಕ್ಕೆ ಮಾತ್ರ ತಿರುಗುತ್ತಿದ್ದ ರೈಲು

ನನ್ನ ಸೋದರಮಾವ ನಲವತ್ತೊಂದು ವರ್ಷ ರೈಲು ಓಡಿಸಿದವರು. ಎಲ್ಲಿಗೆ ಅಂತ ಮಾತ್ರ ಕೇಳಬೇಡಿ. ಮನರಂಜನಾ ಪಾರ್ಕಿನ ನಿಲ್ದಾಣದಿಂದ ಹೊರಟು, ಕೊಳಕ್ಕೊಂದು ಸುತ್ತು ಹಾಕಿ, ಒಂಬತ್ತು ನಿಮಿಷಕ್ಕೆ ಅದು ಅದೇ ನಿಲ್ದಾಣಕ್ಕೆ ಬಂದು ನಿಲ್ಲುತ್ತಿತ್ತು. ಹಳಿಗಳ ನಡುವೆ ಎರಡೇ ಅಡಿ ಅಂತರ. ಮಾವನ ಗತ್ತು ನೋಡಿದರೆ ಮಾತ್ರ ದೇಶದ ಗಡಿ ದಾಟಿಸುತ್ತಾರೇನೋ ಅನ್ನಿಸುತ್ತಿತ್ತು.

ಆ ಎಂಜಿನ್ ಮೊದಲು ಇಟ್ಟಿಗೆ ಕಾರ್ಖಾನೆಯಲ್ಲಿ ಮಣ್ಣು ಎಳೆಯುತ್ತಿತ್ತು. ಕಾರ್ಖಾನೆ ಮುಚ್ಚಿದಾಗ ಪಾರ್ಕಿನ ಮಾಲೀಕರು ಅದನ್ನೂ ಹಳಿಗಳನ್ನೂ ತಂದು, ಕೆಂಪು ಬಣ್ಣ ಬಳಿಸಿ, ಮಕ್ಕಳ ರೈಲು ಮಾಡಿದರು. ಎಂಜಿನ್ನಿನ ಮುನಿಸು ಬಲ್ಲವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ಮಾವನೂ ಸಾಮಾನಿನ ಜೊತೆಗೇ ಬಂದರು. ಅತ್ತೆಗೆ ಟಿಕೆಟ್ ಕಿಟಕಿಯಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಶೆಡ್ಡಿನಿಂದ ಎಂಜಿನ್ ಹೊರಗೆ ತರುವುದೂ ಅತ್ತೆಯೇ. ಮಾವ "ಈಗ ತಾ" ಅನ್ನುವ ಮೊದಲೇ ತಂದು ನಿಲ್ಲಿಸಿರುತ್ತಿದ್ದರು.

ಹೋದ ವರ್ಷ ಸುರಕ್ಷತೆಯ ಇನ್‌ಸ್ಪೆಕ್ಟರ್ ಬಂದು ಚಕ್ರಗಳ ಮುಂದೆ ಕುಕ್ಕರಗಾಲಲ್ಲಿ ಕೂತರು. ಇಷ್ಟು ವರ್ಷ ಬಲಕ್ಕೇ ತಿರುಗಿ ತಿರುಗಿ, ಹೊರಬದಿಗೆ ಬೀಳುವ ಎಡಗಡೆಯ ಚಕ್ರಗಳು ಸವೆದು ತೆಳ್ಳಗಾಗಿದ್ದವು. "ತಿಂಗಳೊಳಗೆ ಸರಿ ಮಾಡಿ, ಇಲ್ಲಾಂದ್ರೆ ನಿಲ್ಲಿಸಿ" ಅಂದರು. ಅಂಥ ಚಕ್ರ ಈಗ ಯಾರೂ ಮಾಡುವುದಿಲ್ಲ. ಪಾರ್ಕಿನ ಮ್ಯಾನೇಜರನಿಗೆ ಅಷ್ಟು ನೆಪ ಸಾಕಾಯಿತು.

"ರೈಲು ಗುಜರಿಗೆ ಹೋಗ್ಲಿ. ನೀವು ಈಜುಕೊಳದ ಹತ್ರ ಚಪ್ಪಲಿ ನೋಡ್ಕೊಳ್ಳಿ" ಅಂದ.

ಮಾವ ಕೆಂಡಾಮಂಡಲವಾದರು. ಎರಡು ದಿನ ಊಟ ಬಿಟ್ಟು ಯೋಚಿಸಿ, ಎಂಜಿನ್ನನ್ನೂ ಮೂರು ಡಬ್ಬಿಗಳನ್ನೂ ಜಾಕಿಯಿಂದ ಎತ್ತಿ, ಹಿಂದುಮುಂದಾಗಿ ತಿರುಗಿಸಿ, ಮತ್ತೆ ಹಳಿಯ ಮೇಲಿಟ್ಟರು. ದಪ್ಪ ಚಕ್ರಗಳು ಹೊರಬದಿಗೆ ಬಂದವು. ಆರು ದಿನದ ಕೆಲಸ. ನನ್ನ ಸೊಂಟ ಇವತ್ತಿಗೂ ನೆಟ್ಟಗಾಗಿಲ್ಲ.

ಒಂದೇ ವಿಷಯ ನಾವು ಯಾರೂ ಯೋಚಿಸಿರಲಿಲ್ಲ. ಎಂಜಿನ್ನಿನ ಮುಖ ತಿರುಗಿದ ಮೇಲೆ ರೈಲು ಎಡಕ್ಕೆ, ಅಂದರೆ ಉಲ್ಟಾ ಸುತ್ತಬೇಕು. ದಾರಿಯುದ್ದಕ್ಕೂ ನಿಂತ ಗಾರೆಯ ಹುಲಿ, ಆನೆ, ಜಿರಾಫೆ, ಡೈನೊಸಾರ್‌ಗಳೆಲ್ಲ ಹಳೆಯ ದಿಕ್ಕಿನಿಂದ ಬರುವವರಿಗೆ ಮುಖ ಮಾಡಿದ್ದವು. ಹಿಂದೆ ಬರೀ ಪೊಳ್ಳು, ಕೋಲು, ಗೋಣಿತಟ್ಟು.

ಪರೀಕ್ಷೆಯ ದಿನ ಇನ್‌ಸ್ಪೆಕ್ಟರ್, ಮ್ಯಾನೇಜರ್ ಮುಂದಿನ ಡಬ್ಬಿಯಲ್ಲಿ, ನಾನು ಹಿಂದೆ. ಹುಲಿಯ ಬೆನ್ನೊಳಗೆ ತೋಟದ ಮಾಲಿಯ ಒದ್ದೆ ಚಡ್ಡಿ ಒಣಗುತ್ತಿತ್ತು. ಡೈನೊಸಾರಿನ ಹೊಟ್ಟೆಯಲ್ಲಿ ಮಾಲಿಯೇ ಗೊರಕೆ ಹೊಡೆಯುತ್ತಿದ್ದ. ಮ್ಯಾನೇಜರ್ ತಲೆ ಚಚ್ಚಿಕೊಂಡ. ನಗುವುದನ್ನೇ ಮರೆತಂತಿದ್ದ ಇನ್‌ಸ್ಪೆಕ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕರು.

ಎರಡನೇ ಸುತ್ತಿನಲ್ಲಿ ರೈಲು ಗಕ್ಕನೆ ನಿಂತಿತು. ಮಾವ ಇಳಿದು, ತೂರಾಡುತ್ತ ಹೋಗಿ, ಜಿರಾಫೆಯ ಕಾಲನ್ನು ತಬ್ಬಿಕೊಂಡರು. ನಲವತ್ತೊಂದು ವರ್ಷ ಬಲಕ್ಕೆ ಸುತ್ತಿದ ತಲೆ ಎಡಕ್ಕೆ ಸುತ್ತಲು ಸುತರಾಂ ಒಪ್ಪಲಿಲ್ಲ.

"ಚಕ್ರ ಸರಿ ಇದೆ, ಡ್ರೈವರ್ ಸರಿ ಇಲ್ಲ" ಅಂದರು ಇನ್‌ಸ್ಪೆಕ್ಟರ್.

ಅತ್ತೆ ಟಿಕೆಟ್ ಕಿಟಕಿ ಮುಚ್ಚಿ ಓಡಿಬಂದು, ಮಾವನಿಗೆ ನೀರು ಕುಡಿಸಿ, ರೈಲನ್ನು ಅಲುಗಾಡದಂತೆ ನಿಲ್ದಾಣಕ್ಕೆ ತಂದರು. ಇನ್‌ಸ್ಪೆಕ್ಟರ್ ಅತ್ತೆಯ ಕೈಯಲ್ಲೇ ಇನ್ನೂ ಐದು ಸುತ್ತು ಹಾಕಿಸಿ, ಅನುಮತಿ ಪತ್ರದಲ್ಲಿ ಡ್ರೈವರ್ ಅಂತ ಅವರ ಹೆಸರೇ ಬರೆದರು.

ಮಾವ ವಾರವಿಡೀ ಕದ್ದು ಕದ್ದು ಪ್ರಯತ್ನಿಸಿದರು. ಪ್ರತಿ ಸಲವೂ ಜಿರಾಫೆಯೇ ಗತಿ. ಕೊನೆಗೆ ಮುಖ ಊದಿಸಿಕೊಂಡು ಮೂಲೆಯಲ್ಲಿ ಕೂತರು. ರೈಲು ಉಳಿಸಿದವರಿಗೇ ರೈಲಿನಲ್ಲಿ ಜಾಗವಿಲ್ಲ ಅಂದರೆ ಎಂಥ ಅನ್ಯಾಯ!

"ಚಪ್ಪಲಿ ಕಾಯೋಕೆ ಹೋಗ್ತೀನಿ ಬಿಡು" ಅಂದರು ಮಾವ.

"ಹೋಗೋರಿಗೆ ಈ ಬಾವುಟ ಯಾಕೆ ಹೊಲೀತಿದ್ದೆ?" ಅಂದರು ಅತ್ತೆ, ಕೈಲಿದ್ದ ಹಸಿರು ಬಟ್ಟೆಗೆ ಸೂಜಿ ಚುಚ್ಚುತ್ತ. "ಗಾರ್ಡ್ ಇಲ್ದೆ ನಾನು ಗಾಡಿ ಬಿಡಲ್ಲ ಅಂತ ಮ್ಯಾನೇಜರಿಗೆ ಹೇಳಿ ಬಂದಿದೀನಿ ರೀ. ಕೊನೇ ಡಬ್ಬಿಲಿ ಹಿಂದಕ್ಕೆ ಮುಖ ಮಾಡಿ ಕೂತ್ಕೊಳ್ಳಿ, ತಲೆ ಸುತ್ತಲ್ಲ."

ನಿಜಕ್ಕೂ ಸುತ್ತಲಿಲ್ಲ. ಈಗ ಮಾವ ದಿನಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಸಿರು ಬಾವುಟ ಹಿಡಿದು ನಿಲ್ಲುತ್ತಾರೆ. ಡಬ್ಬಿ ತುಂಬಿದರೂ, ಮಕ್ಕಳು ಕಿರುಚಿದರೂ ಬಾವುಟ ಎತ್ತುವ ಆತುರ ಅವರಿಗಿಲ್ಲ. ಅತ್ತೆ ಎಂಜಿನ್ನಿನಿಂದ ಕತ್ತು ಹೊರಗೆ ಹಾಕಿ ಅವರನ್ನೇ ನೋಡುತ್ತಿರುತ್ತಾರೆ. ಮದುವೆಯಾದಾಗಿನಿಂದ ಅತ್ತೆ ಮಾವನ ಅಪ್ಪಣೆಗೆ ಕಾದದ್ದು ಇದೇ ಮೊದಲು.