ನಡುವೆ ಕಾಫಿ ಒಣಗುತ್ತಿತ್ತು

ಮೊನ್ನೆ ಭಾನುವಾರ ಬೆಳಗ್ಗೆ ನಾನು ಅಕ್ಕಿರೊಟ್ಟಿ ತಟ್ಟುತ್ತಿದ್ದಾಗ ಮಗಳು ಧನ್ಯ ಅಡುಗೆಮನೆಗೆ ಬಂದು, ರೊಟ್ಟಿಗೂ ನನ್ನ ಮೂಗಿಗೂ ನಡುವೆ ತನ್ನ ಮೊಬೈಲನ್ನು ಹಿಡಿದಳು. ಅವಳು ಮೈಸೂರಿನ ಕಾಲೇಜೊಂದರಲ್ಲಿ ಓದುತ್ತಾಳೆ. ಓದುತ್ತಾಳೆ ಎನ್ನುವುದು ನಮ್ಮ ನಂಬಿಕೆ. ಅವಳ ಪ್ರಕಾರ ಅವಳು ಅಲ್ಲಿನ ಬ್ಯಾಸ್ಕೆಟ್‌ಬಾಲ್ ತಂಡದ ನಾಯಕಿ. ಪರದೆಯ ಮೇಲೆ ಅಂಕಣದ ಚಿತ್ರವಿತ್ತು. ರಿಂಗಿನ ಕೆಳಗೆ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಕೆಂಪು ಚುಕ್ಕೆಗಳು. ದೂರದ ಕಮಾನು ಗೆರೆಯ ಆಚೆಗೂ ಅಷ್ಟೇ ಚುಕ್ಕೆಗಳು. ನಡುವಿನ ಜಾಗ ಮಾತ್ರ ಪೂರ್ತಿ ಖಾಲಿ.

"ಇದೇನೇ ಇದು?"

"ಎಲ್ಲಿಂದ ಬಾಲ್ ಹೊಡೀಬೇಕು ಅಂತ ಮ್ಯಾಪ್ ಅಮ್ಮ. ಈಗ ಯಾರೂ ಮಧ್ಯದಿಂದ ಹೊಡೆಯಲ್ಲ, ವೇಸ್ಟು. ಅದಕ್ಕೇ ಟೀಮಿಂದ ಒಬ್ಳನ್ನ ಬಿಡ್ತಾ ಇದ್ದೀನಿ. ರಚನಾ ಅಂತ. ಒಳ್ಳೆ ಹುಡುಗಿ, ಆದ್ರೆ ಹೊಡೆಯೋದೆಲ್ಲ ಮಧ್ಯದಿಂದ್ಲೇ."

ನಾನು ಕನ್ನಡಕ ಏರಿಸಿಕೊಂಡು ಆ ಖಾಲಿ ಜಾಗವನ್ನು ನೋಡಿದೆ. "ಅಲ್ಲಿ ಕಾಫಿ ಹಾಕಿರ್ಬೇಕು ಕಣೇ" ಅಂದೆ. ಮಗಳು ನನ್ನನ್ನು ನೋಡಿದ ರೀತಿಗೆ ನಗು ಬಂತು. ಅಷ್ಟರಲ್ಲಿ ಕಾವಲಿಯ ಮೇಲಿದ್ದ ರೊಟ್ಟಿ ಸೀದಿತು.

ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಅವಳು ನಡುನಡುವೆ ಮೊಬೈಲು ನೋಡಿದಳು. ನೀವು ಹಾಗೆ ಮಾಡುವವರಲ್ಲ ಎಂದು ನಂಬಿದ್ದೇನೆ.

ನಮ್ಮದು ಕುಶಾಲನಗರದ ಬದಿಯಲ್ಲಿ ಭತ್ತ, ಜೋಳ ಬೆಳೆಯುವ ಮನೆ. ತಾತನ ಕಾಲದಲ್ಲಿ ಹಾಸನದ ಕಡೆಯಿಂದ ಬಂದವರು. ನಾನು ಮಾತ್ರ ಡಿಗ್ರಿ ಓದಲು ಮೂರ್ನಾಡಿನ ಹತ್ತಿರದ ಚಿಕ್ಕಮ್ಮನ ಮನೆಯಲ್ಲಿದ್ದೆ. ನಮ್ಮ ಜಿಲ್ಲೆಯ ಸಂಗತಿ ನಿಮಗೆ ತಿಳಿದದ್ದೇ: ಇಲ್ಲಿ ಮಗು ನಡೆಯುವ ಮೊದಲೇ ಹಾಕಿ ಸ್ಟಿಕ್ಕು ಹಿಡಿಯುತ್ತದೆ. ಹೀಗಾಗಿ ಕಾಲೇಜಿನಲ್ಲಿ ಓಡಬಲ್ಲ, ಬಾಗಬಲ್ಲ, ಬಿದ್ದು ಏಳಬಲ್ಲ ಹುಡುಗಿಯರೆಲ್ಲ ಮೊದಲ ವಾರದಲ್ಲೇ ಹಾಕಿಗೆ ಹೋಗಿಬಿಡುತ್ತಿದ್ದರು. ಉಳಿದವರಲ್ಲಿ ಎತ್ತರ ಇದ್ದವರು ವಾಲಿಬಾಲಿಗೆ, ಗಟ್ಟಿ ಇದ್ದವರು ಥ್ರೋಬಾಲಿಗೆ. ಕೊಯ್ಲು ಮುಗಿದ ಮೇಲೆ ಗಿಡದ ಬುಡದಲ್ಲಿ ಉದುರಿದ ಕಾಯಿ ಹೆಕ್ಕುತ್ತಾರಲ್ಲ, ಬ್ಯಾಸ್ಕೆಟ್‌ಬಾಲ್ ತಂಡ ಆಗುತ್ತಿದ್ದದ್ದು ಹಾಗೆ.

ಹೆಕ್ಕುವವರು ನಮ್ಮ ಪಿ.ಡಿ., ಅಂದರೆ ಆಟದ ಮೇಷ್ಟ್ರು, ಪೂವಯ್ಯ ಸರ್. ಅವರೂ ಮೂಲತಃ ಹಾಕಿಯವರೇ. ಆದರೆ ಹಾಕಿಗೆ ಅವರಿಗಿಂತ ಹಿರಿಯರೊಬ್ಬರು ಇದ್ದುದರಿಂದ ಅವರ ಪಾಲಿಗೆ ಈ ಆಟ ಬಂದಿತ್ತು. ಮೈದಾನದಲ್ಲಿ ಯಾರೂ ಉಳಿದಿಲ್ಲವೆಂದು ಅವರು ತಂಡ ಆರಿಸಲು ನೇರವಾಗಿ ಬಸ್ ನಿಲ್ದಾಣಕ್ಕೆ ಹೋದರು. ಸಂಜೆಯ ಪ್ರೈವೇಟ್ ಬಸ್ಸಿಗೆ ನಮ್ಮ ಕಾಲೇಜಿನ ಅರ್ಧ ಜನ ಮುಗಿಬೀಳುತ್ತಿದ್ದರು. ಸರ್ ಬೇಕರಿಯ ಮುಂದೆ ಚಹಾ ಹಿಡಿದು ನಿಂತು ಗಮನಿಸಿದರು.

ಸಫಿಯಾ ಎಂಬವಳಿದ್ದಳು. ಬಾಗಿಲಲ್ಲಿ ಜನ ಹೆಚ್ಚಿದ್ದಷ್ಟೂ ಅವಳಿಗೆ ದಾರಿ ಸಲೀಸು. ಒಬ್ಬರ ಕಂಕುಳ ಕೆಳಗೆ ತೂರಿ, ಇನ್ನೊಬ್ಬರ ಬ್ಯಾಗಿನ ಪಕ್ಕದಿಂದ ಜಾರಿ, ಕಂಡಕ್ಟರನಿಗಿಂತ ಮೊದಲೇ ಒಳಗಿರುತ್ತಿದ್ದಳು. ಬೋಜಮ್ಮ ಎಂಬವಳು ಬಾಗಿಲ ಹತ್ತಿರವೂ ಸುಳಿಯುತ್ತಿರಲಿಲ್ಲ. ರಸ್ತೆಯ ಆಚೆಯಿಂದಲೇ ತನ್ನ ಊಟದ ಚೀಲವನ್ನು ಬೀಸಿ ಎಸೆದರೆ ಅದು ಕಿಟಕಿಯೊಳಗೆ ಹೋಗಿ ಸೀಟಿನ ಮೇಲೆ ಕೂರುತ್ತಿತ್ತು. ಚೀಲ ಕೂತ ಸೀಟಿಗೆ ನಮ್ಮೂರಲ್ಲಿ ಬೇರೆಯವರು ಕೂರುವುದಿಲ್ಲ, ಅದು ಕಾನೂನಿಗಿಂತ ದೊಡ್ಡದು. ಹತ್ತಿರದಿಂದ ನುಗ್ಗಲು ಒಬ್ಬಳು, ದೂರದಿಂದ ಎಸೆಯಲು ಒಬ್ಬಳು ಸಿಕ್ಕಿದರೆಂದು ಸರ್ ಚಹಾ ಮುಗಿಸಿದರು.

ನಾನು ಹೇಗೆ ಆಯ್ಕೆಯಾದೆ ಎಂದು ಕೇಳುತ್ತೀರಿ. ನಾನು ಬಾಗಿಲಿಗೂ ರಸ್ತೆಗೂ ನಡುವೆ ನಿಂತು, "ನೀವು ಹತ್ತಿ, ಪರವಾಗಿಲ್ಲ" ಎಂದು ಎಲ್ಲರಿಗೂ ದಾರಿ ಬಿಡುತ್ತಿದ್ದೆ. ಬಸ್ಸು ಹೋಯಿತು. ನಿಲ್ದಾಣದಲ್ಲಿ ನಾನೊಬ್ಬಳೇ ಉಳಿದಿದ್ದೆ, ಸರ್‌ಗೆ ಇನ್ನೊಬ್ಬಳು ಬೇಕಾಗಿತ್ತು.

ಆದರೆ ನನ್ನಲ್ಲೂ ಒಂದು ವಿದ್ಯೆ ಇತ್ತು, ಅದನ್ನು ಹೇಳದಿದ್ದರೆ ನನಗೇ ನಾನು ಅನ್ಯಾಯ ಮಾಡಿಕೊಂಡಂತೆ. ನಮ್ಮ ಹೈಸ್ಕೂಲಿನ ರಿಂಗಿನ ಕೆಳಗೆ ಹೆಡ್‌ಮಾಸ್ಟರ ಸ್ಕೂಟರು ನಿಲ್ಲುತ್ತಿತ್ತು, ಹಾಗಾಗಿ ಹತ್ತಿರ ಹೋಗುವಂತಿಲ್ಲ. ದೂರ ಹೋದರೆ ಮುಳ್ಳಿನ ಬೇಲಿ. ಎರಡರ ನಡುವೆ ಒಂದಿಷ್ಟು ಜಾಗದಲ್ಲಿ ನಿಂತು ಎಸೆದೂ ಎಸೆದೂ, ಅಲ್ಲಿಂದ ಹೊಡೆದರೆ ಚೆಂಡು ರಿಂಗಿಗೆ ತಾಗದೆ ಒಳಗಿಳಿಯುವಷ್ಟು ಕೈ ಪಳಗಿತ್ತು. ಮೊದಲ ದಿನ ಅದನ್ನು ಸರ್‌ಗೆ ತೋರಿಸಿದೆ. ಅವರು ಮೆಚ್ಚುಗೆಯಿಂದಲೇ ನೋಡಿದರು.

"ಒಳ್ಳೆ ಹೊಡೆತ ಮಾರಾಯ್ತಿ. ಆದ್ರೆ ಪ್ರಯೋಜನ ಇಲ್ಲ."

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ರಿಂಗಿನ ಕೆಳಗಿನಿಂದ ಚೆಂಡು ಹಾಕಿದರೆ ಎರಡು ಅಂಕ, ಕಮಾನು ಗೆರೆಯ ಆಚೆಯಿಂದ ಹಾಕಿದರೆ ಮೂರು. ನಡುವಿನಿಂದ ಹಾಕಿದರೂ ಎರಡೇ. ಅಂದರೆ ಹತ್ತಿರದವರಿಗಿಂತ ಹೆಚ್ಚು ಕಷ್ಟಪಟ್ಟು, ಅವರಷ್ಟೇ ಸಂಬಳ ಪಡೆಯುವುದು. ಅಂಥ ಕೆಲಸದಲ್ಲೇ ನಾನು ಪಳಗಿದ್ದೆ. ಆದರೂ ನನಗೊಂದೇ ಆಸೆ: ಒಂದು ಸಲ, ನಿಜವಾದ ಪಂದ್ಯದಲ್ಲಿ, ಅಂಕ ಬರೆಯುವವರು ಮೇಜು ಹಾಕಿಕೊಂಡು ಕೂತಿರುವಾಗ, ಆ ಚೆಂಡನ್ನು ಅಲ್ಲಿಂದಲೇ ಎಸೆಯಬೇಕು. ಆ ವಯಸ್ಸಿನಲ್ಲಿ ಬೇರೆಯವರು ಏನೇನೋ ಆಸೆ ಪಡುತ್ತಾರೆ. ನನ್ನದು ಇಷ್ಟೇ ಇತ್ತು, ಮತ್ತು ಅದಕ್ಕಾಗಿ ನಿದ್ದೆಗೆಟ್ಟಿದ್ದೆ.

ಕಾಲೇಜಿನ ಅಂಕಣ ಆ ವರ್ಷ ಹೊಸ ಕಟ್ಟಡದ ಜಲ್ಲಿ ಮರಳಿನ ಕೆಳಗೆ ಹೂತುಹೋಗಿತ್ತು. ಸರ್ ಕಾಲೇಜಿನ ಕೆಳಗಿನ ತೋಟದ ಪೊನ್ನಮ್ಮ ಆಂಟಿಯ ಹತ್ತಿರ ಹೋಗಿ ಅವರ ಕಾಫಿ ಕಣ ಕೇಳಿದರು. ಸಿಮೆಂಟಿನ ದೊಡ್ಡ ಕಣ, ಒಂದು ತುದಿಯಲ್ಲಿ ಗೋದಾಮು. ಗೋದಾಮಿನ ಗೋಡೆಗೆ ರಿಂಗು ಬಿಗಿದು, ನೆಲಕ್ಕೆ ಸುಣ್ಣದಲ್ಲಿ ಗೆರೆ ಎಳೆದರು. ಮಳೆನೀರು ಹರಿದುಹೋಗಲಿ ಎಂದು ಕಣವನ್ನು ಓರೆಯಾಗಿ ಕಟ್ಟಿದ್ದರು. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ನಮ್ಮ ನೆಲ ನಿಜವಾಗಿಯೂ ಡೊಂಕು. ಆಂಟಿ ಕುರ್ಚಿ ಹಾಕಿಸಿಕೊಂಡು ಆಟ ನೋಡಲು ಕೂತರು. ಅವರ ಮನೆಯಲ್ಲಿ ಎಲ್ಲರೂ ಹಾಕಿ ಆಡಿದವರು.

"ದೂರದಿಂದ ಹೊಡೆದ್ರೆ ಜಾಸ್ತಿ ಕೊಡ್ತಾರಾ? ಇದೆಂಥ ಆಟ ಪೂವಯ್ಯ? ಹಾಕೀಲಿ ಗೋಲಿನ ಮುಂದಿನ ಡಿ ಗೆರೆ ಹೊರಗಿಂದ ಹೊಡೆದ್ರೆ ಗೋಲೇ ಇಲ್ಲ!"

"ಹೌದಕ್ಕ, ನಂಗೂ ಮೊದ್ಲು ಅದೇ ತಲೆಬಿಸಿ ಆಗಿತ್ತು" ಎಂದರು ಸರ್.

ಒಂದು ತಿಂಗಳು ಚೆನ್ನಾಗಿ ಕಳೆಯಿತು. ಆಮೇಲೆ ಪಿಕ್ಕಿಂಗ್, ಅಂದರೆ ಕಾಫಿ ಕೊಯ್ಲು, ಶುರುವಾಯಿತು. ಒಂದು ಸಂಜೆ ನಾವು ಹೋದಾಗ ಕಣದ ತುಂಬ ಕಾಫಿ ಹಣ್ಣು ಹರಡಿತ್ತು. ತುಂಬ ಎಂದರೆ ಪೂರ್ತಿ ತುಂಬ ಅಲ್ಲ. ಗೋದಾಮಿನ ನೆರಳು ಬೀಳುವ ರಿಂಗಿನ ಕೆಳಗೆ ಒಣಗುವುದಿಲ್ಲವೆಂದು ಅಲ್ಲಿ ಹಾಕಿರಲಿಲ್ಲ. ಆಳುಗಳು ಓಡಾಡಲೆಂದು ಅಂಚಿನ ಸುತ್ತ ದಾರಿ ಬಿಟ್ಟಿದ್ದರು. ನಡುವೆ ಕೆಂಪಗೆ ಕಾಫಿ, ಅದರ ಪಕ್ಕ ಕೋಲು ಹಿಡಿದ ಆಂಟಿ.

"ಆಡೋದಾದ್ರೆ ಆಡಿ. ನನ್ನ ಕಾಫಿ ಮೇಲೆ ಶೂ ಕಾಲಿಟ್ಟವಳ ಕಾಲು ಮುರೀತೀನಿ."

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಸರ್ ತುಂಬ ಹೊತ್ತು ಆ ಕಣವನ್ನೇ ನೋಡುತ್ತ ನಿಂತರು. ಆಮೇಲೆ ತಾವೇ ಕಂಡುಹಿಡಿದವರ ಹಾಗೆ ನಮ್ಮ ಕಡೆ ತಿರುಗಿ, "ನಡುವಿಂದ ಹೊಡೆದ್ರೂ ಎರಡೇ ಅಲ್ವಾ? ಮತ್ತೆಂಥಕ್ಕೆ ಅಲ್ಲಿಗೆ ಹೋಗ್ಬೇಕು? ಇವತ್ತಿಂದ ಒಂದೋ ರಿಂಗ್ ಬುಡ, ಇಲ್ಲಾ ಅಂಚು" ಎಂದರು. ಮೊದಲು ಕಾಫಿ ಬಂತು, ಆಮೇಲೆ ಸಿದ್ಧಾಂತ ಬಂತು. ಈಗ ಧನ್ಯನ ಮೊಬೈಲಿನಲ್ಲಿ ಅದೇ ಸಿದ್ಧಾಂತ ಬಣ್ಣ ಬಳಿದುಕೊಂಡು ಕೂತಿದೆ.

ಎಲ್ಲರಿಗೂ ಜಾಗ ಸಿಕ್ಕಿತು. ಸಫಿಯಾ ಅಂಚಿನ ದಾರಿಯಲ್ಲಿ ಓಡಿ ಗೋಡೆಯ ಪಕ್ಕದಿಂದ ರಿಂಗಿನ ಬುಡಕ್ಕೆ ನುಗ್ಗುವಳು. ಬೋಜಮ್ಮ ಮೂಲೆಯಲ್ಲಿ ನಿಂತು ಊಟದ ಚೀಲದ ಹಾಗೆ ಚೆಂಡು ಎಸೆಯುವಳು. ನನ್ನ ಜಾಗದಲ್ಲಿ ಮಾತ್ರ ಕಾಫಿ ಒಣಗುತ್ತಿತ್ತು. ನಾನು ಬೇಲಿಯ ಪಕ್ಕ ಬ್ಯಾಗು ಕಾಯುತ್ತ ಕೂತೆ. ಅಳು ಬಂದಿತ್ತು, ಸುಳ್ಳು ಹೇಳುವುದೇಕೆ.

ಎಸೆದ ಚೆಂಡೆಲ್ಲ ಒಳಗೆ ಹೋಗುತ್ತದೆಯೇ? ರಿಂಗಿಗೆ ಬಡಿದು ಬಂದು ಕಾಫಿಯೊಳಗೆ ಬೀಳುತ್ತಿತ್ತು. ಮೂರನೆಯ ಸಲ ಬಿದ್ದಾಗ ಆಂಟಿಯ ಕೋಲು ಮೇಲೆದ್ದಿತು. ನಾನು ಗಾಬರಿಯಲ್ಲಿ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಕಾಫಿಯೊಳಗೆ ಇಳಿದು ಚೆಂಡು ಎತ್ತಿಕೊಟ್ಟೆ. ನಮ್ಮ ಮನೆಯಲ್ಲಿ ಭತ್ತ ಒಣಹಾಕಿದಾಗ ಪಾದ ಎತ್ತದೆ ಸಾಲು ಎಳೆಯುತ್ತ ತಿರುವುವುದು ನನ್ನ ಕೆಲಸವಾಗಿತ್ತು. ಅಭ್ಯಾಸ ಬಲ, ಇಲ್ಲೂ ಹಾಗೇ ಎಳೆಯುತ್ತ ಬಂದೆ.

ಆಂಟಿ ನಾನು ಎಳೆದ ಸಾಲನ್ನು ನೋಡಿದರು. "ಏ ಕುಂಞಿ, ಮಗಳೇ, ನಿಂಗೆ ಕಾಲಲ್ಲಿ ತಿರುವೋಕೆ ಬರುತ್ತಾ? ಹಾಗಾದ್ರೆ ನೀನೊಬ್ಬಳು ಒಳಗೆ ಇರು. ಬೇರೆ ಯಾರೂ ಬೇಡ."

ಹೀಗೆ ನಾನು ಕಾಫಿಯೊಳಗಿನ ಆಟಗಾರ್ತಿಯಾದೆ. ಬರಿಗಾಲಲ್ಲಿ ಸಾಲು ಎಳೆಯುತ್ತ, ಬಂದ ಚೆಂಡನ್ನು ಸಫಿಯಾಳಿಗೋ ಬೋಜಮ್ಮನಿಗೋ ದಾಟಿಸುತ್ತ ಆ ಚಳಿಗಾಲ ಕಳೆದೆ. ಆಂಟಿಗೆ ಒಬ್ಬ ಆಳಿನ ಕೂಲಿ ಉಳಿಯಿತು, ಸರ್‌ಗೆ ತಂಡ ಉಳಿಯಿತು. ಯಾರೂ ನೋಡದಾಗ ಅಲ್ಲಿಂದಲೇ ಒಂದೊಂದು ಚೆಂಡು ರಿಂಗಿಗೆ ಎಸೆಯುತ್ತಿದ್ದೆ. ಹಣ್ಣು ಒಣಗಿ ಕಪ್ಪಾಗಿ ಗಲಗಲ ಸದ್ದು ಮಾಡುವ ಹೊತ್ತಿಗೆ ನನ್ನ ಕೈ ಮೊದಲಿಗಿಂತ ಪಳಗಿತ್ತು. ಕಾಲಿನ ವಾಸನೆ ಮಾತ್ರ ಚಿಕ್ಕಮ್ಮನಿಗೆ ಹಿಡಿಸಲಿಲ್ಲ.

ಅಂತರ ಕಾಲೇಜು ಪಂದ್ಯಕ್ಕೆ ಮೈಸೂರಿಗೆ ಹೋದೆವು. ಅಲ್ಲಿ ಸಮತಟ್ಟಾದ, ಸ್ವಚ್ಛವಾದ, ಒಂದೇ ಒಂದು ಕಾಫಿ ಬೀಜವಿಲ್ಲದ ಅಂಕಣ. ನಮ್ಮ ಹುಡುಗಿಯರು ಅದರ ನಡುವೆ ಕಾಲಿಡಲೇ ಇಲ್ಲ! ಆಂಟಿ ಕೋಲು ಹಿಡಿದು ಎಲ್ಲೋ ಕೂತಿದ್ದಾರೆ ಎಂಬಂತೆ ಅಂಚು ಸುತ್ತಿಕೊಂಡೇ ಓಡಿದರು. ಎದುರಾಳಿಗಳು ನಡುಜಾಗ ಕಾಯುತ್ತ ನಿಂತರು. ಅಲ್ಲಿಗೆ ಯಾರೂ ಬರಲಿಲ್ಲ. ಅತ್ತ ಸಫಿಯಾ, ಇತ್ತ ಬೋಜಮ್ಮ. ಮೊದಲ ಪಂದ್ಯ ನಾವು ಗೆದ್ದೇಬಿಟ್ಟೆವು. ನಾನು ಬೆಂಚಿನ ಮೇಲೆ ಕೂತು ಚಪ್ಪಾಳೆ ಹೊಡೆದೆ.

ಎರಡನೆಯ ಪಂದ್ಯದವರು ಬುದ್ಧಿವಂತರು, ಮೊದಲನೆಯದನ್ನು ನೋಡಿದ್ದರು. ನಡುಜಾಗವನ್ನು ಪೂರ್ತಿ ಬಿಟ್ಟುಕೊಟ್ಟು ರಿಂಗಿನ ಬುಡದಲ್ಲೂ ಮೂಲೆಗಳಲ್ಲೂ ಗೋಡೆ ಕಟ್ಟಿದರು. ಸಫಿಯಾಳಿಗೆ ಬಾಗಿಲಿಲ್ಲ, ಬೋಜಮ್ಮನಿಗೆ ಕಿಟಕಿಯಿಲ್ಲ. ನಾವು ಅಂಕದಲ್ಲಿ ಹಿಂದೆ ಬೀಳತೊಡಗಿದೆವು. ಸರ್ ಖಾಲಿ ನಡುಜಾಗವನ್ನು ನೋಡಿದರು. ನನ್ನನ್ನು ನೋಡಿದರು.

"ನೀನು ಹೋಗಿ ಕಾಫೀಲಿ ನಿಲ್ಲು."

ಓಡಿ ಹೋದೆ, ನಡುಜಾಗದ ಅಂಚಿಗೆ ಬಂದೆ, ಮತ್ತು ಬಗ್ಗಿ ಎರಡೂ ಶೂ ಬಿಚ್ಚಿ ಪಕ್ಕಕ್ಕಿಟ್ಟೆ.

ಸೀಟಿ ಕೇಳಿಸಿತು. "ಏನಮ್ಮ ಇದು? ದೇವಸ್ಥಾನಕ್ಕೆ ಬಂದಿದ್ದೀಯಾ?" ಎಂದರು ರೆಫ್ರಿ. ಸುತ್ತ ಕೂತವರೆಲ್ಲ ನಕ್ಕರು. ನಮ್ಮ ತಂಡದವರು ಮಾತ್ರ ನಗಲಿಲ್ಲ. ನಾನು ಶೂ ಹಾಕಿಕೊಳ್ಳುವವರೆಗೆ ಆಟ ನಿಂತಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು, ಸಿಮೆಂಟು, ಬಿಡಲಿಲ್ಲ.

ಆದರೆ ಶೂ ಬಿಚ್ಚಿದವಳನ್ನು ಯಾರು ಲೆಕ್ಕಕ್ಕಿಡುತ್ತಾರೆ? ನನ್ನನ್ನು ಅಲ್ಲಿ ಒಂಟಿಯಾಗಿ ಬಿಟ್ಟರು. ಚೆಂಡು ಬಂತು. ಎಸೆದೆ, ಒಳಗಿಳಿಯಿತು. ಮತ್ತೊಮ್ಮೆ ಬಂತು, ಮತ್ತೊಮ್ಮೆ ಇಳಿಯಿತು. ಆಗ ನನ್ನನ್ನು ಕಾಯಲು ಒಬ್ಬಳು ಓಡಿ ಬಂದಳು, ಅವಳು ಬಿಟ್ಟುಬಂದ ಮೂಲೆಯಲ್ಲಿ ಬೋಜಮ್ಮನನ್ನು ಕಾಯುವವರಿಲ್ಲವಾಯಿತು. ಅವಳಿಗೆ ದಾಟಿಸಿದೆ, ಮೂರು. ಹೀಗೆ ಹತ್ತಿರ ಹತ್ತಿರ ಬಂದು, ಆಟ ಮುಗಿಯಲು ಕಣ್ಣು ಮಿಟುಕಿಸುವಷ್ಟು ಹೊತ್ತಿರುವಾಗ ನಾವು ಮೂರು ಅಂಕ ಹಿಂದಿದ್ದೆವು. ಚೆಂಡು ನನ್ನ ಕೈಯಲ್ಲಿತ್ತು. ಮೂಲೆ ನೋಡಿದೆ, ಬೋಜಮ್ಮನ ಮೇಲೆ ಇಬ್ಬರು ಬಿದ್ದಿದ್ದರು. ಬೇರೆ ದಾರಿಯಿರಲಿಲ್ಲ. ನಿಂತಲ್ಲಿಂದಲೇ ಎಸೆದೆ.

ಅಂಥ ಚೆಂಡನ್ನು ನಾನು ಮೊದಲೂ ಎಸೆದಿರಲಿಲ್ಲ, ಆಮೇಲೂ ಎಸೆಯಲಿಲ್ಲ. ರಿಂಗಿಗೆ ತಾಗಲೇ ಇಲ್ಲ, ಬಲೆ ಮಾತ್ರ ಒಮ್ಮೆ ಅಲುಗಿತು. ಎರಡು ಅಂಕ. ಬೇಕಾಗಿದ್ದದ್ದು ಮೂರು. ಒಂದು ಅಂಕದಲ್ಲಿ ಸೋತೆವು.

ಬೋಜಮ್ಮ ಅತ್ತಳು, ಸಫಿಯಾ ನೀರಿನ ಬಾಟಲಿಯನ್ನು ಒದ್ದಳು. ನನಗೆ ಮಾತ್ರ ಒಳಗೊಳಗೇ ಹಿಡಿಸಲಾರದಷ್ಟು ಸಂತೋಷ. ಅದನ್ನು ಮುಚ್ಚಿಡಲು ಮುಖ ಸಪ್ಪೆ ಮಾಡಿಕೊಂಡು ಸರ್ ಹತ್ತಿರ ಹೋದೆ. ಅವರು ಊರಿಂದ ತಂದಿದ್ದ ಕಿತ್ತಳೆಯ ಚೀಲ ಬಿಚ್ಚುತ್ತಿದ್ದರು.

"ಒಳ್ಳೆ ಹೊಡೆತ ಮಾರಾಯ್ತಿ" ಎಂದರು.

ನಾನು 'ಆದ್ರೆ'ಗಾಗಿ ಕಾದು ನಿಂತೆ. ಅದು ಬರಲಿಲ್ಲ. ಅವರು ದೊಡ್ಡದೊಂದು ಕಿತ್ತಳೆ ಆರಿಸಿ ನನ್ನ ಕೈಗಿಟ್ಟು, ಉಳಿದವರನ್ನು ಕರೆದರು.

ಊರಿಗೆ ಬಂದ ಮೇಲೆ ಪೊನ್ನಮ್ಮ ಆಂಟಿಗೆ ವರದಿ ಒಪ್ಪಿಸಿದೆ. "ಎಲ್ಲಿಂದ ಹೊಡೆದೆ?" ಎಂದು ಕೇಳಿದರು. "ಕಾಫಿ ಇರೋ ಜಾಗದಿಂದ ಆಂಟಿ." ಅವರ ಹುಬ್ಬು ಮೇಲೇರಿತು. "ಶೂ ಬಿಚ್ಚಿದ್ದೆ" ಎಂದು ಸೇರಿಸಿದೆ. "ಹಾಗೆ ಹೇಳು" ಎಂದು ಸಮಾಧಾನಗೊಂಡರು.

ಕತೆ ಮುಗಿಯುವ ಹೊತ್ತಿಗೆ ರೊಟ್ಟಿ ಹಿಟ್ಟು ಒಣಗಿತ್ತು. ಧನ್ಯ ಕಟ್ಟೆಯ ಮೇಲೆ ಕೂತು ಕಾಲು ಆಡಿಸುತ್ತಿದ್ದಳು.

"ಅಂತೂ ಸೋತ್ರಿ."

"ಹೂಂ, ಸೋತ್ವಿ."

"ಮೂರು ಬೇಕಿತ್ತಮ್ಮ ಅಲ್ಲಿ."

"ಗೊತ್ತು ಕಣೇ. ಆದ್ರೆ ಅಲ್ಲೀವರೆಗೆ ಬಂದದ್ದು ಹೇಗೆ?"

ಅವಳು ಮೊಬೈಲು ತೆರೆದು ಆ ಚುಕ್ಕೆಗಳ ಚಿತ್ರವನ್ನು ಮತ್ತೊಮ್ಮೆ ನೋಡಿದಳು, ಬೆರಳಿಂದ ನಡುವಿನ ಖಾಲಿ ಜಾಗವನ್ನು ದೊಡ್ಡದು ಮಾಡಿ ನೋಡಿದಳು. ನಾನು ಹಿಟ್ಟಿಗೆ ನೀರು ಚಿಮುಕಿಸಿ ನಾದತೊಡಗಿದೆ. ನನಗಿದ್ದ ಆಸೆ ನಾನು ಕಂಡಿರದ ಆ ರಚನಾಳಿಗೂ ಇರಬಹುದು, ಅವಳೂ ನಿದ್ದೆಗೆಟ್ಟಿರಬಹುದು ಎನ್ನಿಸಿತು. ಆದರೆ ತಂಡ ಮಗಳದ್ದು. ಬಾಯಿ ಹಾಕಬಾರದೆಂದು ಹಿಟ್ಟನ್ನೇ ಒತ್ತಿ ಒತ್ತಿ ನಾದಿದೆ.

ಧನ್ಯ ಎದ್ದು ಜಗಲಿಗೆ ಹೋದಳು. ಯಾರಿಗೋ ಫೋನು ಮಾಡುತ್ತಿರುವುದು ಕೇಳಿಸಿತು.

"ರಚನಾ, ನಾಳೆ ಪ್ರಾಕ್ಟೀಸಿಗೆ ಬಾ... ಹೌದು ಕಣೇ, ನೀನೇ. ನಡುವೆ ನಿಲ್ಲೋಕೆ ಒಬ್ಳು ಬೇಕು." ಆಮೇಲೆ ಒಳಗೆ ನನಗೆ ಕೇಳಿಸಲೆಂದೇ ದನಿ ಏರಿಸಿದಳು: "ಮತ್ತೆ ಕೇಳು, ಏನೇ ಆದ್ರೂ ಶೂ ಮಾತ್ರ ಬಿಚ್ಚಬೇಡ."