ಬಾಗಿಲಮ್ಮ ನೀರು ಕೇಳುತ್ತಾರೆ

ಬೆಳಕು ಹರಿಯುವ ಮೊದಲೇ ಬಾಗಿಲಮ್ಮ ಬೀದಿಗಿಳಿಯುತ್ತಾರೆ. ಸರ್ಕಾರಿ ಶಾಲೆಯ ಈ ಆಯಾಗೆ ಆ ಹೆಸರಿಟ್ಟವರು ಬೀದಿಯ ಜನ. ದಾಖಲಾತಿಯ ತಿಂಗಳಲ್ಲಿ ದಿನಕ್ಕೆ ಹತ್ತು ಹದಿನೈದು ಮನೆಗಳ ಬಾಗಿಲು ತಟ್ಟುತ್ತಾರೆ. ಅರ್ಜಿಯಲ್ಲಿ ಬರೆದ ಮನೆಯಲ್ಲಿ ಮಗು ನಿಜವಾಗಿಯೂ ಇದೆಯೇ ಎಂದು ನೋಡಿ ಬರುವುದು ಅವರ ಕೆಲಸ. ಮಕ್ಕಳು ಏಳುವ ಹೊತ್ತಿಗೇ ಹೋಗಬೇಕು. ಬಿಸಿಲೇರಿದರೆ ಯಾರ ಮಗು ಯಾರ ಮನೆಯಲ್ಲೋ!

ಒಂದನೇ ತರಗತಿಗೆ ಇರುವುದು ಒಂದೇ ಕೋಣೆ. ಮೂವತ್ತಾರಕ್ಕಿಂತ ಹೆಚ್ಚು ಮಕ್ಕಳನ್ನು ಸೇರಿಸಬಾರದೆಂದು ಮೇಲಿನ ಕಚೇರಿಯ ಕಟ್ಟಪ್ಪಣೆ. ಅರ್ಜಿಗಳು ನೂರು ದಾಟುವುದರಿಂದ ಸುತ್ತಲಿನ ಬೀದಿಗಳ ಮಕ್ಕಳಿಗೆ ಮಾತ್ರ ಸೀಟು. ಹೀಗಾಗಿ ದೂರದವರು ನೆಂಟರ ವಿಳಾಸ ಕೊಟ್ಟು, ಮಗುವನ್ನು ನಾಲ್ಕು ದಿನ ಅಲ್ಲೇ ಮಲಗಿಸುತ್ತಾರೆ. ಬಾಗಿಲಮ್ಮ ಕಾಗದಪತ್ರ ಕೇಳುವುದಿಲ್ಲ. ಕುಡಿಯಲು ಒಂದು ಲೋಟ ನೀರು ಕೊಡು ಎಂದು ಮಗುವನ್ನೇ ಕೇಳುತ್ತಾರೆ. ಮನೆಯ ಮಗು ನೇರ ಲೋಟದ ಹತ್ತಿರ ಓಡುತ್ತದೆ, ನೆಂಟರ ಮಗು ದೊಡ್ಡವರ ಮುಖ ನೋಡುತ್ತದೆ.

ಗಂಡ ತೀರಿಕೊಂಡ ಮೇಲೆ ಸಿಕ್ಕ ಕೆಲಸವಿದು. ತಿಂದ ಬೈಗುಳಕ್ಕೆ ಲೆಕ್ಕವಿಲ್ಲ. ಒಬ್ಬಾಕೆ ಅದೇ ನೀರನ್ನು ಮುಖಕ್ಕೆ ಎರಚಿದ್ದೂ ಉಂಟು. "ಅವರದ್ದೇನು ತಪ್ಪು? ಹೆತ್ತೋರಿಗೆ ಮಕ್ಕಳು ಓದ್ಲಿ ಅಂತ ಆಸೆ ಇರಲ್ವಾ?" ಎನ್ನುತ್ತಾರೆ.

ಪತ್ರಿಕೆಗೆ ಅವರ ಬಗ್ಗೆ ಬರೆಯಲೆಂದು ಇವತ್ತು ನಾನೂ ಜೊತೆಗಿದ್ದೇನೆ. ಕೊನೆಯ ಬಾಗಿಲಿನ ಮುಂದೆ ಅವರು ತಡೆದು ನಿಲ್ಲುತ್ತಾರೆ. ಅದು ಅವರ ತಮ್ಮನ ಮನೆ. ಒಳಗೆ ಮಲಗಿರುವುದು ಅವರ ಮಗಳ ಮಗಳು. ಅಜ್ಜಿ, ತಾಯಿ, ಮಗು ಮೂವರೂ ಇರುವುದು ರೈಲು ಹಳಿಯಾಚೆ. ಅಲ್ಲಿನ ಶಾಲೆಯಲ್ಲಿ ಐದು ತರಗತಿಗೂ ಒಬ್ಬರೇ ಮೇಷ್ಟ್ರು. ಅದಕ್ಕೇ ಮಗಳು ಸೋದರಮಾವನ ವಿಳಾಸ ಕೊಟ್ಟಿದ್ದಾಳೆ. ನಿನ್ನೆ ಶಾಲೆಯ ಕಚೇರಿಯಲ್ಲಿ ವಿಳಾಸ ಓದಿ ಹೇಳಿದಾಗಲೇ ಬಾಗಿಲಮ್ಮನಿಗೆ ಗೊತ್ತಾಗಿದೆ, ಬಾಯಿಬಿಟ್ಟಿಲ್ಲ.

ತಮ್ಮ ಕುರ್ಚಿ ಎಳೆದು, "ಹೂಂ ಅಂದ್ಬಿಡಕ್ಕ, ಯಾರಿಗ್ ಗೊತ್ತಾಗುತ್ತೆ?" ಎನ್ನುತ್ತಾನೆ. ನನ್ನ ಕೈಲಿರುವ ಕ್ಯಾಮೆರಾ ಕಂಡು ಪಕ್ಕಕ್ಕೆ ಸರಿಯುತ್ತಾನೆ. ಬಾಗಿಲಮ್ಮ ಎಂದಿನಂತೆ ನೀರು ಕೇಳುತ್ತಾರೆ. ಮೊಮ್ಮಗಳು ಹಾಸಿಗೆಯಿಂದ ಜಿಗಿದು ಅಡುಗೆಮನೆಗೆ ಓಡಿ, ಒಂದು ಹನಿಯೂ ಚೆಲ್ಲದೆ ತುಂಬಿದ ಲೋಟ ತರುತ್ತಾಳೆ.

"ಸರಿಯಾಗಿ ಮಾಡಿದ್ನಾ ಅಜ್ಜಿ? ಅಮ್ಮ ದಿನಾ ಹೇಳ್ಕೊಡ್ತಿದ್ಲು."

ಕುಡಿಯದೆಯೇ ಅವರು ಲೋಟ ಕೆಳಗಿಡುತ್ತಾರೆ. ಮನೆಯಲ್ಲಿ ತಾವೇ ನಗುನಗುತ್ತಾ ಹೇಳಿಕೊಂಡಿದ್ದ ನೀರಿನ ಉಪಾಯವೇ ಆ ಮಗುವಿಗೆ ಸುಳ್ಳಿನ ಮೊದಲ ಪಾಠವಾಗಿದೆ. ನಾಚಿಕೆಯಿಂದ ಕುಗ್ಗಿ, ಮೊಮ್ಮಗಳ ತಲೆ ಸವರಿ ಹೊರಬರುತ್ತಾರೆ.

ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಗೆ ಅವರು ಹೇಳುವುದು ಇಷ್ಟೇ. "ಆ ಮಗು ಆ ಮನೇದಲ್ಲ ಮೇಡಂ. ಅವಳು ನನ್ನ ಮೊಮ್ಮಗಳು." ಸೀಟು ಬೇರೊಂದು ಮಗುವಿಗೆ ಹೋಗುತ್ತದೆ. ನಾನು ಪಕ್ಕದಲ್ಲಿರದಿದ್ದರೆ ಹೂಂ ಎನ್ನುತ್ತಿದ್ದರೋ ಏನೋ, ಕೇಳುವ ಧೈರ್ಯ ನನಗಿಲ್ಲ. ಪ್ರಾಮಾಣಿಕರೊಬ್ಬರ ಕಥೆ ಹುಡುಕಿಕೊಂಡು ಬಂದವನು ನಾನು. ಈಗ ಅವರ ಮುಖ ನೋಡಲೂ ನಾಚಿಕೆಯಾಗುತ್ತಿದೆ.

ಹೊರಡುವಾಗ ಅವರು ಕೇಳಿಕೊಳ್ಳುವುದು ಒಂದೇ.

"ನನ್ನ ಹೊಗಳಿ ಬರೀಬೇಡಿ ಸಾರ್. ಆ ಮಗು ಎಲ್ಲಾದ್ರೂ ಓದೋಕೆ ಕಲ್ತೇ ಕಲಿಯುತ್ತೆ. ಅವತ್ತು ನೀವ್ ಬರ್ದಿದ್ದು ಅದರ ಕಣ್ಣಿಗೆ ಬಿದ್ರೆ, ನಾನು ಯಾವ ಮುಖ ತೋರಿಸ್ಲಿ?"